ಮೊದಲ ಸೂಜಿಗೆ ಮುಂಚಿನ ಪ್ರಶ್ನೆ

ಸಾಕ್ಷಿ ಬರುವ ಮೊದಲೇ ತೀರ್ಪು ಕೊಡುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದೊಂದೇ ಅಸ್ತ್ರ ಹಿಡಿದು ಎದುರಾಳಿಗಳನ್ನು ಬೇಕಾದಷ್ಟು ಸಲ ಕೂರಿಸಿದ್ದೆ. ‘ನಿಮ್ಮ ಆಧಾರ ಏನು?’ ಎಂದು ಕೇಳಿ ಸುಮ್ಮನೆ ನಿಂತರೆ ಸಾಕು, ಅರ್ಧ ಜನ ತಡವರಿಸುತ್ತಾರೆ. ಆದರೆ ಎಂಬತ್ತರ ದಶಕದ ಶುರುವಿನಲ್ಲಿ ಚನ್ನಗಿರಿಯ ಆಸ್ಪತ್ರೆಗೆ ಬಂದಾಗ ನನ್ನ ಪಾಲಿಗೆ ಬಿದ್ದದ್ದು ಎಳೆಗೂಸುಗಳ ವಾರ್ಡು. ಅಲ್ಲಿ ಕೆಲಸವೇ ಸಾಕ್ಷಿಯಿಲ್ಲದೆ ತೀರ್ಪು ಕೊಡುವುದು.

ಎಳೆಗೂಸಿನ ರಕ್ತಕ್ಕೆ ನಂಜೇರಿದರೆ ಅದು ದೊಡ್ಡವರ ಹಾಗೆ ಜ್ವರ ಬಂದು, ನರಳಿ, ಹೇಳಿಕೊಂಡು ಕಾಯಿಲೆ ಬೀಳುವುದಿಲ್ಲ. ಮೊಲೆ ಬಿಡುತ್ತದೆ, ತಣ್ಣಗಾಗುತ್ತದೆ, ಅಳು ಸಣ್ಣದಾಗುತ್ತದೆ. ಅಷ್ಟೇ. ಒಳಗೆ ಹೊಕ್ಕಿರುವ ರೋಗಾಣು ಯಾವುದೆಂದು ತಿಳಿಯಬೇಕಾದರೆ ರಕ್ತವನ್ನು ಪ್ರಯೋಗಾಲಯದಲ್ಲಿಟ್ಟು ಬೆಳೆಸಿ ನೋಡಬೇಕು. ನಮ್ಮಲ್ಲಿ ಆ ಸೌಕರ್ಯ ಇರಲಿಲ್ಲ. ಸೀಸೆಗೆ ಹತ್ತಿ ಸುತ್ತಿ ದಾವಣಗೆರೆ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು. ಉತ್ತರ ಬರುವಷ್ಟರಲ್ಲಿ ಮಗುವಿನ ಹಣೆಬರಹ ತೀರ್ಮಾನವಾಗಿ ಹೋಗಿರುತ್ತದೆ. ಹಾಗಾಗಿ ಮೊದಲ ಸೂಜಿ ಯಾವಾಗಲೂ ಊಹೆಯ ಮೇಲೆಯೇ.

ನಮ್ಮ ಹಿರಿಯ ಡಾಕ್ಟರು ಈ ಊಹೆಗೆ ಒಂದು ನಿಯಮ ಕಟ್ಟಿಕೊಂಡಿದ್ದರು. ಮನೆಯಲ್ಲಿ ಹುಟ್ಟಿದ ಮಗುವಾದರೆ ಪೆನಿಸಿಲಿನ್ ಜೊತೆ ಸ್ಟ್ರೆಪ್ಟೊಮೈಸಿನ್. ಆಸ್ಪತ್ರೆಯಲ್ಲಿ ಹುಟ್ಟಿದ್ದಾದರೆ ಪೆನಿಸಿಲಿನ್ ಜೊತೆ ಜೆಂಟಾಮೈಸಿನ್. ಈ ಜೆಂಟಾಮೈಸಿನ್ ಆಗ ನಮ್ಮಂಥ ಊರಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದಷ್ಟನ್ನು ಅವರು ತಮ್ಮ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಮನೆಯ ರೋಗಾಣು ಔಷಧಿಯ ಮುಖ ನೋಡಿರುವುದಿಲ್ಲ, ಹಳೆಯದಕ್ಕೇ ಬಗ್ಗುತ್ತದೆ. ಆಸ್ಪತ್ರೆಯ ರೋಗಾಣು ಎಲ್ಲವನ್ನೂ ಕಂಡು ಪಳಗಿರುತ್ತದೆ, ಅದಕ್ಕೆ ಹೊಸದೇ ಬೇಕು. ಇದು ಅವರ ವಾದ. ಯಾವ ಆಸ್ಪತ್ರೆಯೂ ಇದಕ್ಕೆ ಹೊರತಲ್ಲ, ನಮ್ಮದೂ ಅಲ್ಲ ಎಂದು ಮರೆಯದೆ ಸೇರಿಸುತ್ತಿದ್ದರು.

ನಾನು ಬಿಡುತ್ತೇನೆಯೇ? ಮನೆಯ ರೋಗಾಣು ಔಷಧಿ ಕಂಡಿಲ್ಲ ಎಂದವರು ಯಾರು, ಊರೂರಲ್ಲಿ ಸೂಜಿ ಚುಚ್ಚುವವರು ನೆಗಡಿಗೂ ಸ್ಟ್ರೆಪ್ಟೊಮೈಸಿನ್ ಕೊಡುತ್ತಿಲ್ಲವೇ, ತೀರಾ ಕಾಯಿಲೆಯಾದ ಮಗುವಿಗೆ ಎಲ್ಲಿ ಹುಟ್ಟಿತೆಂದು ಯಾಕೆ ಕೇಳಬೇಕು, ಎಲ್ಲಕ್ಕೂ ಜೆಂಟಾಮೈಸಿನ್ನೇ ಕೊಡೋಣ ಎಂದು ವಾದಿಸಿದೆ. ಅವರು ಟೀ ಲೋಟ ಕೆಳಗಿಟ್ಟು ನಕ್ಕರು.

“ಕೊಡು ಲಾಯರಮ್ಮ, ಎಲ್ಲರಿಗೂ ಕೊಡು. ನಾಲ್ಕು ವರ್ಷ ಕಳೆದ ಮೇಲೆ ಅದೂ ಸ್ಟ್ರೆಪ್ಟೊಮೈಸಿನ್ ಆಗಿರುತ್ತೆ. ಆಗ ಈ ಬೀರುವಿನಲ್ಲಿ ಏನಿಡ್ತೀಯಾ?”

ಆ ಮಾತಿನಲ್ಲಿ ಹುರುಳಿತ್ತು. ಆದರೆ ಆ ನಿಯಮದಲ್ಲಿ ಒಂದು ಬಿರುಕಿದೆ ಎಂದು ಮಾತ್ರ ಆಗಲೇ ಅನ್ನಿಸಿತ್ತು. ಔಷಧಿಯ ಆಯ್ಕೆಯೆಲ್ಲ ಒಂದೇ ಪ್ರಶ್ನೆಗೆ ನೇತುಬಿದ್ದಿತ್ತು: ಮಗು ಹುಟ್ಟಿದ್ದು ಎಲ್ಲಿ? ಆ ಪ್ರಶ್ನೆಗೆ ಬರುವ ಉತ್ತರ ನಿಜವೇ ಆಗಿರಬೇಕು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಸಂತೇಬೆನ್ನೂರಿನ ಸಂತೆಯ ದಿನ. ಬಸ್ಸು ತುಂಬಿ ತುಳುಕಿ ಬಂದು ನಿಂತಿತು. ಅದರಿಂದಿಳಿದ ಮೂವರು ಹೆಂಗಸರು ನೇರ ವಾರ್ಡಿಗೆ ಬಂದರು. ಮುಂದೆ ಬಾಣಂತಿಯ ತಾಯಿ, ಅವರ ತೋಳಲ್ಲಿ ಉಣ್ಣೆಯ ಟೊಪ್ಪಿಗೆ, ಎರಡು ಹೊದಿಕೆಯಲ್ಲಿ ಸುತ್ತಿದ ಗಂಡು ಕೂಸು. ಆ ತಾಯಿಯನ್ನು ಸಂತೇಬೆನ್ನೂರಿನಜ್ಜಿ ಎಂದು ಕರೆಯುತ್ತೇನೆ. ಹಿಂದೆ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡ ಹುಡುಗಿ. ಅವಳ ಪಕ್ಕದಲ್ಲಿ ಎತ್ತರದ ನಿಲುವಿನ ಒಬ್ಬ ಹಿರಿಯಾಕೆ: ಅತ್ತೆ, ಜಗಳೂರಿನವರು. ಚೊಚ್ಚಲ ಹೆರಿಗೆಗೆ ಸೊಸೆ ತವರಿಗೆ ಬಂದಿದ್ದಳು; ಬಾಣಂತಿಗೆ ಕೊಬ್ಬರಿ, ಬೆಲ್ಲ, ಖಾರದ ಸಾಮಾನು ತೆಗೆದುಕೊಂಡು ಮೊಮ್ಮಗನನ್ನು ನೋಡಲೆಂದು ಬಂದವರು ಅಲ್ಲೇ ನಾಲ್ಕು ದಿನ ಉಳಿದಿದ್ದರು. ಅವರ ಕಣ್ಣೆದುರಿಗೇ ಮಗು ಮೊಲೆ ಬಿಟ್ಟಿತ್ತು.

ಹೊದಿಕೆ ಬಿಚ್ಚಿದೆ. ಸಾಂಬ್ರಾಣಿ ಹೊಗೆಯ ವಾಸನೆ. ಮೈ ಬಿಸಿ ಇತ್ತು, ಆದರೆ ಅದು ಹೊದಿಕೆಯ ಬಿಸಿ. ಸ್ವಲ್ಪ ಹೊತ್ತು ಬಿಟ್ಟು ಪಾದ ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗೆ. ಬಾಯಿಗೆ ಬೆರಳಿಟ್ಟರೆ ಚೀಪಲಿಲ್ಲ. ಹೊಟ್ಟೆ ಉಬ್ಬಿತ್ತು. ಹಣೆಯ ಚರ್ಮ ಒತ್ತಿದರೆ ಹಳದಿ. ನೆತ್ತಿ ಉಬ್ಬಿರಲಿಲ್ಲ. ಬೆನ್ನಿನಿಂದ ನೀರು ತೆಗೆದು ನೋಡಿದೆ, ತಿಳಿಯಾಗಿತ್ತು. ಮಿದುಳಿಗೆ ನಂಜು ತಲುಪಿರಲಿಕ್ಕಿಲ್ಲ ಎಂಬ ಒಂದು ಸಮಾಧಾನ. ದಾವಣಗೆರೆಗೆ ಕಳಿಸಲು ರಕ್ತ ತೆಗೆದು ಸೀಸೆಗೆ ಹಾಕಿದೆ. ಮಗುವನ್ನೇ ಕಳಿಸೋಣವೆಂದರೆ ಆ ಸ್ಥಿತಿಯಲ್ಲಿ ಬಸ್ಸಿನ ದಾರಿ ತಡೆಯುವಂತಿರಲಿಲ್ಲ. ಆಮೇಲೆ ಆ ಪ್ರಶ್ನೆ ಕೇಳಿದೆ.

“ಮನೇಲೇ ಆತು ಡಾಕ್ಟ್ರಮ್ಮ,” ಎಂದರು ಸಂತೇಬೆನ್ನೂರಿನಜ್ಜಿ. “ನಮ್ಮ ನಡುಮನೇಲೇ. ಸೂಲಗಿತ್ತಿ ಬಂದಿದ್ಲು.”

ಹೊಕ್ಕುಳು ಯಾವುದರಿಂದ ಕೊಯ್ದರು? ಹೊಸ ಬ್ಲೇಡು. ಯಾವ ದಾರ ಕಟ್ಟಿದರು? ಕುದಿಸಿದ ದಾರ. ಹೊಕ್ಕುಳಿಗೆ ಏನು ಹಚ್ಚಿದಿರಿ? ಏನೂ ಇಲ್ಲ. ಬಜೆ, ಎಣ್ಣೆ, ಗುಟುಕು, ಏನಾದರೂ ಬಾಯಿಗೆ? ಏನೂ ಇಲ್ಲ. ಉತ್ತರಗಳು ಪಟಪಟನೆ ಬಿದ್ದವು. ಅಷ್ಟು ಸರಾಗವಾಗಿ ಹೇಳುವ ಅಜ್ಜಿಯನ್ನು ನಾನು ಆ ವಾರ್ಡಿನಲ್ಲಿ ಕಂಡಿರಲಿಲ್ಲ. ಸಾಮಾನ್ಯವಾಗಿ ಬೂದಿಯೋ ಅರಿಶಿನವೋ ಒಂದಕ್ಕಾದರೂ ನನ್ನೊಡನೆ ಜಗಳವಾಡದೆ ಬಿಡುವುದಿಲ್ಲ. ಹೊಕ್ಕುಳೂ ಅವರ ಮಾತಿನ ಹಾಗೇ ಸ್ವಚ್ಛ, ಒಣಗಿ ಉದುರಿತ್ತು. ಹಾಗಾದರೆ ನಂಜು ಒಳಗೆ ಬಂದ ಬಾಗಿಲು ಯಾವುದು ಎಂದು ಒಂದು ಕ್ಷಣ ಯೋಚಿಸಿದೆ. ಆದರೆ ಎದುರಿಗೆ ಮಗು ತಣ್ಣಗಾಗುತ್ತಿತ್ತು. ನಿಯಮದ ಪ್ರಕಾರ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಶುರು ಮಾಡಿದೆ.

ಉಳಿದದ್ದೆಲ್ಲ ಕೈಕೆಲಸ. ತಲೆಯ ಪಕ್ಕದ ಸಣ್ಣ ರಕ್ತನಾಳಕ್ಕೆ ಸೂಜಿ ಸೇರಿಸಿ ಗ್ಲೂಕೋಸ್ ಹನಿ. ಮರದ ಪೆಟ್ಟಿಗೆಯಲ್ಲಿ ಬಲ್ಬು ಉರಿಸಿ ಮಗುವಿಗೆ ಶಾಖ. ಕರೆಂಟು ಹೋದಾಗ ಬಿಸಿನೀರಿನ ಸೀಸೆಗಳು. ತಾಯಿಯ ಹಾಲು ಹಿಂಡಿ ಮೂಗಿನ ಕೊಳವೆಯಲ್ಲಿ ಹಾಕಲು ನೋಡಿದೆವು, ಹೊಟ್ಟೆ ಇನ್ನೂ ಉಬ್ಬಿತು, ನಿಲ್ಲಿಸಿದೆವು. ಎರಡೂ ಅಜ್ಜಿಯರು ಪೆಟ್ಟಿಗೆಯ ಆಚೆ ಈಚೆ ಕೂತಿದ್ದರು. ಒಬ್ಬರಿಗೊಬ್ಬರು ಬಹಳ ಮರ್ಯಾದೆ. ಬೀಗರಿಗೆ ಕಾಫಿ ತರಿಸಲಾ ಎಂದು ಇವರು, ನೀವು ಮೊದಲು ಕುಡೀರಿ ಎಂದು ಅವರು. ಆ ಮರ್ಯಾದೆಯ ನಡುವೆ ಮಗು ಒಮ್ಮೊಮ್ಮೆ ಉಸಿರಾಡುವುದನ್ನೇ ಮರೆತು, ಪಾದಕ್ಕೆ ತಟ್ಟಿದರೆ ಮತ್ತೆ ನೆನಪು ಮಾಡಿಕೊಳ್ಳುತ್ತಿತ್ತು.

ಮಾರನೆಯ ದಿನ ಕಡಿಮೆಯಾಗುವುದಿರಲಿ, ಹೆಚ್ಚಾಯಿತು. ತೊಡೆಯ ಚರ್ಮ ಮೇಣದ ಹಾಗೆ ಬಿರುಸಾಗತೊಡಗಿತ್ತು. ಚಿವುಟಿದರೆ ಮಡಿಕೆ ಏಳಲಿಲ್ಲ. ಈ ಚಿಹ್ನೆ ಕಂಡ ಮಕ್ಕಳು ಉಳಿಯುವುದು ಅಪರೂಪ. ನಾನು ಪೆಟ್ಟಿಗೆಯ ಮುಂದೆ ನಿಂತು, ಸಭೆಯಲ್ಲಿ ಎದುರಾಳಿಯ ಮಾತು ಬಿಚ್ಚುವ ಹಾಗೆ ನನ್ನದೇ ತೀರ್ಮಾನವನ್ನು ಬಿಚ್ಚತೊಡಗಿದೆ. ಔಷಧಿಯ ಅಳತೆ ಸರಿ. ಹೊತ್ತು ಸರಿ. ಹಾಗಾದರೆ ತಪ್ಪಿರುವುದು ಒಂದೋ ನಿಯಮ, ಇಲ್ಲವೇ ನಿಯಮಕ್ಕೆ ಕೊಟ್ಟ ಉತ್ತರ.

ಆಗ ಬಾಣಂತಿ ಬೆಂಚಿನ ಮೇಲೆ ಕೂತಿದ್ದಳು. ಕೂತಿದ್ದಳು ಎನ್ನುವುದಕ್ಕಿಂತ ಒರಗಿದ್ದಳು ಎನ್ನಬೇಕು: ಎಡಗೈ ಊರಿ, ಮೈಭಾರವನ್ನೆಲ್ಲ ಒಂದೇ ಮಗ್ಗುಲಿಗೆ ಹಾಕಿ. ಜಾಗ ಬದಲಿಸುವಾಗ ಹಲ್ಲು ಕಚ್ಚಿದಳು. ನಿನ್ನೆಯೂ ಅವಳು ಹೀಗೇ ಕೂತಿದ್ದಳು. ನಾನು ಮಗುವನ್ನಷ್ಟೇ ನೋಡುತ್ತಿದ್ದೆ.

ಸಂತೇಬೆನ್ನೂರಿನಜ್ಜಿಯನ್ನು ಬಿಸಿನೀರು ತರಲು ಕಳಿಸಿದೆ. ಜಗಳೂರಿನಜ್ಜಿಗೆ ಪೆಟ್ಟಿಗೆಯ ಪಕ್ಕದಲ್ಲೇ ಕೂತು ಮಗುವಿನ ಉಸಿರು ನೋಡಲು ಹೇಳಿದೆ. ಬಾಣಂತಿಯನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ, ಎದೆ ಕಟ್ಟಿದೆಯೇ ನೋಡುವ ನೆಪದಲ್ಲಿ ಮಲಗಿಸಿ ಪರೀಕ್ಷಿಸಿದೆ. ಹೊಲಿಗೆಗಳಿದ್ದವು. ಅಚ್ಚುಕಟ್ಟಾದ, ಕಲಿತ ಕೈಯ ಹೊಲಿಗೆ. ನಡುಮನೆಯಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿ ಅಂಥ ಹೊಲಿಗೆ ಹಾಕುವುದಿಲ್ಲ.

ಎಲ್ಲಾಯಿತು ಎಂದು ಪಿಸುಮಾತಿನಲ್ಲಿ ಕೇಳಿದೆ. ಅವಳು ಪರದೆಯ ಕಡೆ ನೋಡಿದಳು.

“ಹೊನ್ನಾಳೀಲಿ,” ಎಂದಳು. “ಅತ್ತೆಗೆ ಹೇಳಬ್ಯಾಡ್ರಿ.”

“ಆಸ್ಪತ್ರೇಲಿ ಹೆತ್ತರೆ ಅತ್ತೆ ಯಾಕೆ ಬೈತಾರೆ?”

“ಆಸ್ಪತ್ರೆಗಲ್ಲ ರೀ. ಹೊಳೆ ದಾಟಿದ್ದಕ್ಕೆ.”

ಕತೆ ತುಂಡುತುಂಡಾಗಿ ಬಂತು. ಬಸುರಿಯನ್ನು ತವರಿಗೆ ಕಳಿಸುವಾಗ ಜಗಳೂರಿನವರು ಒಂದೇ ಮಾತು ಹೇಳಿದ್ದರಂತೆ: ಎಲ್ಲಿಗಾದರೂ ಹೋಗಲಿ, ತುಂಬು ಬಸುರಿ ಹೊಳೆ ದಾಟುವುದು ಬೇಡ. ಅಮ್ಮ ಒಪ್ಪಿಕೊಂಡಿದ್ದರು. ಆದರೆ ನ್ಯಾಮತಿಯಲ್ಲಿ ಸೋದರತ್ತೆಯ ಮಗಳ ನಿಶ್ಚಿತಾರ್ಥ. ಹೆರಿಗೆಗೆ ಇನ್ನೂ ದಿನವಿದೆಯಲ್ಲ, ಬೆಳಗ್ಗೆ ಹೋಗಿ ಸಂಜೆಗೆ ಬರುವುದು ಎಂದು ಹೊರಟರು. ನ್ಯಾಮತಿಗೆ ಹೋಗಬೇಕಾದರೆ ತುಂಗಭದ್ರೆ ದಾಟಲೇಬೇಕು. ಊಟಕ್ಕೆ ಕೂತಲ್ಲೇ ನೋವು ಶುರುವಾಯಿತು. ಜೀಪಿನಲ್ಲಿ ಹೊಳೆಯ ಆಚೆ ದಡದಲ್ಲೇ ಇರುವ ಹೊನ್ನಾಳಿಗೆ ಕರೆತಂದು ಆಸ್ಪತ್ರೆಗೆ ಸೇರಿಸಿದರು. ಮಗು ಹುಟ್ಟಿದಾಗ ಅಳಲಿಲ್ಲ. ಗಂಟಲಿಗೆ ನಳಿಗೆ ಹಾಕಿ ಕಫ ಎಳೆದರು. ಉಸಿರು ಸರಿಯಾಗುವ ತನಕ ಕೆಲವು ದಿನ ಅಲ್ಲೇ ಇಟ್ಟುಕೊಂಡರು, ಸೂಜಿಯನ್ನೂ ಕೊಟ್ಟರು. ಅವರು ಮಾಡಬೇಕಾದ್ದನ್ನೇ ಮಾಡಿ ಮಗುವನ್ನು ಉಳಿಸಿದ್ದರು. ಮನೆಗೆ ಬಂದ ಮೇಲೆ ಜಗಳೂರಿಗೆ ಹೋದ ಸುದ್ದಿ ಬೇರೆ: ಮನೆಯಲ್ಲೇ ಸುಖವಾಗಿ ಆಯಿತು.

ನನ್ನಿಂದ ರೋಗದ ಸಂಗತಿಯೊಂದನ್ನು ಮುಚ್ಚಿಡುತ್ತಿದ್ದೇವೆ ಎಂದು ಅವರಿಗೆ ಅನ್ನಿಸಿರಲೇ ಇಲ್ಲ. ಅವರು ಮುಚ್ಚಿಟ್ಟದ್ದು ಒಂದು ಹೊಳೆಯನ್ನು. ಅದರ ಜೊತೆಗೆ ಆಸ್ಪತ್ರೆ, ನಳಿಗೆ, ಸೂಜಿ ಎಲ್ಲ ಮುಳುಗಿ ಹೋಗಿದ್ದವು.

ಹಿರಿಯ ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದೆ. ಬೀರು ತೆಗೆಯುತ್ತಾರೆ ಎಂದುಕೊಂಡಿದ್ದೆ, ತೆಗೆಯಲಿಲ್ಲ. ಮಗುವಿಗೆ ಮೂತ್ರ ಹೋಗುತ್ತಿದೆಯೇ ಎಂದು ಕೇಳಿದರು. ಬೆಳಗಿನಿಂದ ಬಟ್ಟೆ ಒದ್ದೆಯಾದದ್ದು ಒಂದೇ ಸಲ, ಅದೂ ಸ್ವಲ್ಪ. ಜೆಂಟಾಮೈಸಿನ್ ಹೊರಗೆ ಹೋಗಬೇಕಾದ್ದು ಮೂತ್ರಪಿಂಡದ ದಾರಿಯಲ್ಲೇ. ದಾರಿ ಕಟ್ಟಿದ್ದರೆ ಔಷಧಿ ಮೈಯಲ್ಲೇ ನಿಂತು ಮೂತ್ರಪಿಂಡವನ್ನೂ ಕಿವಿಯನ್ನೂ ಕೆಡಿಸುತ್ತದೆ. ಸ್ಟ್ರೆಪ್ಟೊಮೈಸಿನ್ ಕೂಡ ಕಿವಿಗೆ ಕೆಟ್ಟದ್ದೇ, ಅದು ಆಗಲೇ ಒಳಗೆ ಹೋಗಿತ್ತು.

“ಈಗ ನೀನು ಕೊಡಬಾರದು ಅನ್ನೋ ಪಕ್ಷ,” ಎಂದರು. “ವಾದ ಮಾಡು.”

ತಮಾಷೆ ಎಂದುಕೊಂಡೆ. ಮುಖದಲ್ಲಿ ತಮಾಷೆ ಇರಲಿಲ್ಲ. ಎದುರು ಪಕ್ಷ ವಹಿಸಿ ಮಾತಾಡುವುದು ನನಗೆ ಹೊಸದಲ್ಲ; ಚೀಟಿ ಎತ್ತಿ ಯಾವ ಪಕ್ಷ ಬಂದರೂ ಗೆಲ್ಲಬೇಕು ಎಂದೇ ನಮ್ಮನ್ನು ತಿದ್ದಿದ್ದರು. ಮಾಡಿದೆ. ಹುಡುಗಿಯ ಮಾತೊಂದೇ ಆಧಾರ, ರೋಗಾಣುವನ್ನು ಯಾರೂ ಕಂಡಿಲ್ಲ. ಹಳೆಯ ಔಷಧಿಗೆ ಇನ್ನೂ ಸಮಯ ಕೊಟ್ಟಿಲ್ಲ. ಮಗು ಕಿವುಡಾಗಬಹುದು. ಮೂತ್ರಪಿಂಡ ಕೆಟ್ಟು ಜನ್ಮಪೂರ್ತಿ ರೋಗಿಯಾಗಬಹುದು. ನಾಳೆ ಇನ್ನೊಂದು ಮಗು ಬಂದಾಗ ಬೀರು ಖಾಲಿ ಇರಬಹುದು. ಚೆನ್ನಾಗಿಯೇ ಮಾತಾಡಿದೆ. ಬಹುಮಾನ ಬರುವ ಮಾತು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಕಿವುಡು, ಮೂತ್ರಪಿಂಡ. ಈ ಅಪಾಯ ಎಲ್ಲ ಯಾವ ಮಗುವಿಗೆ ಬರೋದು?”

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವೆಲ್ಲ ಬದುಕಿ ಉಳಿದ ಮಗುವಿಗೆ ಬರುವ ಅಪಾಯಗಳು.

ಬೀಗದ ಕೈ ಮೇಜಿನ ಮೇಲೆ ಇಟ್ಟರು. ಆದರೂ ಸುಮ್ಮನೆ ಬಿಡಲಿಲ್ಲ: ಎರಡು ಸೂಜಿಗಳ ನಡುವೆ ಸಾಕಷ್ಟು ಅಂತರವಿರಲಿ, ಪ್ರತಿ ಸೂಜಿಗೂ ಮುಂಚೆ ಬಟ್ಟೆ ಒದ್ದೆಯಾಗಿದೆಯೋ ನೋಡು, ಆಗಿಲ್ಲದಿದ್ದರೆ ಕೊಡುವ ಮೊದಲು ನನ್ನನ್ನು ಕರೆ.

ಸ್ಟ್ರೆಪ್ಟೊಮೈಸಿನ್ ನಿಲ್ಲಿಸಿದೆ. ಬೀರುವಿನಲ್ಲಿದ್ದದ್ದು ದೊಡ್ಡವರಿಗೆ ಕೊಡುವ ಗಾಢತೆಯದು. ಆ ಮೈಗೆ ಬೇಕಾದದ್ದು ಅದರಲ್ಲಿ ಒಂದು ಹನಿಯಷ್ಟು. ಕುದಿಸಿ ಆರಿಸಿದ ಗಾಜಿನ ಸಿರಿಂಜಿನಲ್ಲಿ ನೀರು ಬೆರೆಸಿ ತೆಳುವಾಗಿಸಿ, ಕ್ಷಯದ ಪರೀಕ್ಷೆಗೆ ಬಳಸುವ ಸಪೂರ ಸಿರಿಂಜಿಗೆ ಎಳೆದೆ. ನನ್ನ ಲೆಕ್ಕವನ್ನು ಸಿಸ್ಟರ್ ಬೇರೆ ಕೂತು ಮಾಡಿದರು, ಇಬ್ಬರದೂ ಹೊಂದಿದ ಮೇಲೆ ಚುಚ್ಚಿದೆ. ಪೆನಿಸಿಲಿನ್ ಹಾಗೇ ಮುಂದುವರಿಸಿದೆ. ಯಾಕೆ ಔಷಧಿ ಬದಲಾಯಿಸಿದಿರಿ ಎಂದು ಜಗಳೂರಿನಜ್ಜಿ ಕೇಳಿದರು. ಮೊದಲಿನದು ಸಾಕಾಗಲಿಲ್ಲ ಎಂದೆ. ಅವರು ನನ್ನ ಮುಖವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ ಮತ್ತೆ ಪೆಟ್ಟಿಗೆಯ ಕಡೆ ತಿರುಗಿದರು.

ಆಮೇಲಿನದ್ದು ಕಾಯುವುದು. ಬಟ್ಟೆ ಒದ್ದೆಯಾಯಿತೇ ಎಂದು ಎರಡೂ ಅಜ್ಜಿಯರು ಪಾಳಿಯ ಮೇಲೆ ಮುಟ್ಟಿ ನೋಡುತ್ತಿದ್ದರು. ಒಮ್ಮೆ ಆಗಲೇ ಇಲ್ಲ. ಹಿರಿಯ ಡಾಕ್ಟರನ್ನು ಕರೆಸಿದೆ, ಗ್ಲೂಕೋಸಿನ ವೇಗ ಸ್ವಲ್ಪ ಏರಿಸಿ ಕಾದೆವು. ಒದ್ದೆಯಾದ ಮೇಲೆಯೇ ಸೂಜಿ. ಮೊದಲು ಬದಲಾದದ್ದು ಪಾದ: ಬಲ್ಬಿನ ಶಾಖ ತೆಗೆದ ಮೇಲೂ ಬೆಚ್ಚಗೆ ಉಳಿಯಿತು. ಹೊಟ್ಟೆ ಇಳಿಯಿತು. ತೊಡೆಯ ಬಿರುಸು ಮೆಲ್ಲಗೆ ಸಡಿಲವಾಯಿತು. ಒಂದು ಬೆಳಗ್ಗೆ ಬಾಯಿಗೆ ಬೆರಳಿಟ್ಟರೆ ಎಳೆಯಿತು, ಜೋರಾಗಿ. ಒಳಲೆಯ ಮೂತಿಯಿಂದ ಹಾಲು ಹಾಕಿದಾಗ ಸಂತೇಬೆನ್ನೂರಿನಜ್ಜಿಯ ಆತುರಕ್ಕೆ ಅರ್ಧ ಹಾಲು ಮಗುವಿನ ಕೊರಳಿಗೆ ಹರಿಯಿತು. “ಕೊಡ್ರಿಲ್ಲಿ,” ಎಂದು ಜಗಳೂರಿನಜ್ಜಿ ಒಳಲೆ ಕಸಿದುಕೊಂಡರು.

ಅಷ್ಟರಲ್ಲಿ ದಾವಣಗೆರೆಯ ವರದಿ ಬಂತು. ಯಾವ ರೋಗಾಣುವೂ ಬೆಳೆಯಲಿಲ್ಲ.

ನಾನು ನಕ್ಕುಬಿಟ್ಟೆ. ಬಸ್ಸಿನಲ್ಲಿ ಸೀಸೆ ತಣ್ಣಗಾಗಿರಬಹುದು, ಹೊನ್ನಾಳಿಯ ಸೂಜಿಯ ಔಷಧಿ ರಕ್ತದಲ್ಲಿ ಉಳಿದಿರಬಹುದು, ನಾನು ತೆಗೆದ ರಕ್ತವೇ ಕಡಿಮೆಯಾಗಿರಬಹುದು. ಸಾಕ್ಷಿ ಬರಲೇ ಇಲ್ಲ. ಮಗು ಉಳಿದದ್ದು ಜೆಂಟಾಮೈಸಿನ್‌ನಿಂದಲೇ ಎಂದು ಯಾರಾದರೂ ವೇದಿಕೆಯ ಮೇಲೆ ಹೇಳಿದರೆ ನಾನೇ ಎದ್ದು ಆಧಾರ ಕೇಳುತ್ತೇನೆ. ಒಂದು ಆದ ಮೇಲೆ ಇನ್ನೊಂದು ಆಯಿತು ಎಂದ ಮಾತ್ರಕ್ಕೆ ಅದರಿಂದಲೇ ಇದು ಎನ್ನಲಾಗದು. ಪೆನಿಸಿಲಿನ್ ತಡವಾಗಿ ಕೆಲಸ ಮಾಡಿರಬಹುದು. ಮಗು ತಾನೇ ಗಟ್ಟಿಯಿರಬಹುದು. ನನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಮತ್ತೆ ಹಾಗೇ ಮಾಡುತ್ತೇನೆ ಎನ್ನುವುದು ಮಾತ್ರ ಗೊತ್ತು, ಮತ್ತು ಈ ಎರಡು ಒಟ್ಟಿಗೆ ಇರಬಹುದು ಎಂದು ನನಗೆ ಯಾವ ಚರ್ಚಾಸ್ಪರ್ಧೆಯೂ ಕಲಿಸಿರಲಿಲ್ಲ.

ಕಿವಿಯ ಅನುಮಾನ ಉಳಿದಿತ್ತು. ಮಗು ಕತ್ತು ನಿಲ್ಲಿಸಿ ತಲೆ ತಿರುಗಿಸುವ ವಯಸ್ಸಿಗೆ ಕರೆತನ್ನಿ ಎಂದು ಹೇಳಿ ಕಳಿಸಿದ್ದೆ. ಕೆಲವು ತಿಂಗಳಾದ ಮೇಲೆ ಜಗಳೂರಿನಿಂದ ಬಂದರು, ಅಜ್ಜಿ ಮತ್ತು ಸೊಸೆ. ಮಗು ಅಜ್ಜಿಯ ತೊಡೆಯ ಮೇಲೆ ತನ್ನ ಮುಷ್ಟಿಯನ್ನೇ ತಿನ್ನುತ್ತಾ ಕೂತಿತ್ತು. ನಾನು ಹಿಂದೆ ಹೋಗಿ ನಿಂತು, ಅದರ ಕಣ್ಣಿಗೆ ಬೀಳದ ಹಾಗೆ ಸ್ಟೀಲ್ ಲೋಟಕ್ಕೆ ಚಮಚದಿಂದ ಮೆಲ್ಲಗೆ ತಟ್ಟಿದೆ. ಬಲಗಡೆ, ಆಮೇಲೆ ಎಡಗಡೆ. ಎರಡು ಸಲವೂ ತಿರುಗಿ ನೋಡಿತು. ಎರಡನೆಯ ಸಲ ಲೋಟಕ್ಕೇ ಕೈಚಾಚಿತು.

ಸೊಸೆ ಮಗುವನ್ನೆತ್ತಿಕೊಂಡು ಹೊರಗೆ ಹೋದಳು. ಅಜ್ಜಿ ಏಳಲಿಲ್ಲ.

“ಒಂದು ಕೇಳ್ತೀನಿ ಡಾಕ್ಟ್ರಮ್ಮ. ಮನೇಲಿ ಹೆತ್ತೋಳಿಗೆ ಯಾರ್ರೀ ಹೊಲಿಗೆ ಹಾಕ್ತಾರೆ?”

ನಾನು ಲೋಟ, ಚಮಚ ಮೇಜಿನ ಮೇಲಿಟ್ಟೆ.

“ಬಾಣಂತಿಗೆ ನೀರು ಹಾಕಾಕೆ ನಾನೇ ನಿಂತಿದ್ದೆ. ನೋಡ್ದೆ. ಚನ್ನಗಿರೀಲೇ ಹೆತ್ತಿದ್ರೆ ಮುಚ್ಚಿಡಾಕೆ ಏನೈತೆ? ಮುಚ್ಚಿಟ್ರು ಅಂದ್ರೆ ಹೊಳೆಯಾಚೇನೇ ಆಗಿರಬೇಕು ಅಂದ್ಕಂಡೆ.”

“ಗೊತ್ತಿದ್ದೂ ನೀವು ಹೇಳಲಿಲ್ವಲ್ಲ,” ಎಂದೆ. ದನಿ ಏರಿತ್ತು.

“ಬೀಗರ ಮನ್ಯಾಗೆ ಕೂತು ಅವರ ಮಾತು ಸುಳ್ಳು ಅನ್ನಾಕೆ ಆಗ್ತೈತಾ? ನೀವು ಅವರನ್ನ ಕೇಳಿದ್ರಿ, ನಾನು ಪಕ್ಕದಾಗೇ ಇದ್ದೆ. ನನ್ನ ಕೇಳ್ಲಿಲ್ಲ. ಅದರ ಮ್ಯಾಲೆ ಔಷಧಿಗೂ ಹೆತ್ತ ಜಾಗಕ್ಕೂ ನಂಟೈತೆ ಅಂತ ನಂಗೆ ಹೆಂಗೆ ಗೊತ್ತಾಗಬೇಕು?”

ಅವರ ಮಾತು ನಿಜ. ಯಾಕೆ ಕೇಳುತ್ತಿದ್ದೇನೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಪ್ರಶ್ನೆ ಹಾಕಿದ್ದೆ, ಕಾರಣ ಕೊಟ್ಟಿರಲಿಲ್ಲ. ಹಾಗಾದರೆ ಹೊಳೆ ದಾಟಿದ್ದಕ್ಕೆ ಈಗ ಬೀಗರನ್ನು ಬೈದಿರಾ ಎಂದು ಕೇಳಿದೆ.

“ಬೈದೆ. ನಾಮಕರಣದ ದಿನ, ಊಟ ಆದ ಮ್ಯಾಲೆ, ಚೆನ್ನಾಗಿ ಬೈದೆ.” ಸೆರಗು ಸರಿಮಾಡಿಕೊಂಡು ಎದ್ದರು. “ಬೈಯಾಕೆ ಮಗು ಇರಬೇಕಲ್ಲ ರೀ ಮೊದ್ಲು.”

ಬೀರುವಿನ ನಿಯಮ ಆಮೇಲೂ ಅದೇ ಇತ್ತು. ಅದರ ಬಗ್ಗೆ ಹಿರಿಯ ಡಾಕ್ಟರ ಜೊತೆ ನನ್ನ ಜಗಳವೂ ಹಾಗೇ ಮುಂದುವರಿಯಿತು. ಆದರೆ ಅಂದಿನಿಂದ ಮೊಲೆ ಬಿಟ್ಟ ಕೂಸನ್ನು ಯಾರಾದರೂ ತಂದರೆ, ಹೊದಿಕೆ ಬಿಚ್ಚುವ ಮೊದಲೇ ತಾಯಿಯ ಕಡೆಗೆ ಬೆಂಚು ಸರಿಸುತ್ತೇನೆ. ಎಲ್ಲಿ ಹುಟ್ಟಿತು ಎಂದು ಆಮೇಲೆ ಕೇಳುತ್ತೇನೆ, ಕಾರಣ ಹೇಳಿ, ಒಬ್ಬೊಬ್ಬರನ್ನೇ ಕರೆದು. ಮೊದಲು, ಅವಳು ಹೇಗೆ ಕೂರುತ್ತಾಳೆ ಎಂದು ನೋಡುತ್ತೇನೆ.